ನಿಂತಲ್ಲೇ ತಿರುಗುವ ಹುಲ್ಲಿನ ಯಂತ್ರ



ಅಮೆರಿಕದ ಮನೆಯಂಗಳ, ಶಾಲೆಯ ಬಯಲು, ಪಾರ್ಕು, ಗಾಲ್ಫ್ ಮೈದಾನ ಎಲ್ಲವುಗಳ ಹುಲ್ಲುಹಾಸನ್ನು ಒಟ್ಟು ಸೇರಿಸಿದರೆ ಎಷ್ಟಾದೀತು? ಉಪಗ್ರಹದ ಮತ್ತು ವಿಮಾನದ ಚಿತ್ರಗಳನ್ನು ಇಟ್ಟುಕೊಂಡು ಕ್ರಿಸ್ಟಿನಾ ಮಿಲೇಸಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 2005ರಲ್ಲಿ ಒಂದು ಅಂದಾಜು ಕೊಟ್ಟರು. ಸುಮಾರು 1,63,800 ಚದರ ಕಿಲೋಮೀಟರ್. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಬೀದರದಿಂದ ಚಾಮರಾಜನಗರದವರೆಗಿನ ನಮ್ಮ ನಾಡಿನಲ್ಲಿ ಆರರಲ್ಲಿ ಐದು ಪಾಲಿಗೂ ಹೆಚ್ಚು ಜಾಗದಲ್ಲಿ ಬರೀ ಹುಲ್ಲು ಬೆಳೆಸಿ, ನೀರು ಹಾಯಿಸಿ, ಗೊಬ್ಬರ ಹಾಕಿ, ವಾರಕ್ಕೊಮ್ಮೆ ಕತ್ತರಿಸಿದಂತಾಯಿತು. ಆ ದೇಶದಲ್ಲಿ ನೀರಾವರಿ ಮೆಕ್ಕೆಜೋಳ ಹಿಡಿದಿರುವ ನೆಲಕ್ಕಿಂತ ಈ ಹುಲ್ಲು ಹಿಡಿದಿರುವ ನೆಲವೇ ಹೆಚ್ಚು. ಅದೂ ಯಾವ ಹಸುವಿನ ಬಾಯಿಗೂ ಹೋಗದ ಹುಲ್ಲು!

ಇದನ್ನು ಇಲ್ಲಿ ಕೂತು ಯಾಕೆ ಹೇಳುತ್ತಿದ್ದೇನೆ ಎಂದರೆ, ನಿಮ್ಮಲ್ಲಿ ಅನೇಕರ ಮಕ್ಕಳು, ತಮ್ಮಂದಿರು, ಭಾವಮೈದುನರು ಒಹಾಯೋದಲ್ಲೋ ನಾರ್ತ್ ಕ್ಯಾರೊಲಿನಾದಲ್ಲೋ ಮನೆ ಕೊಂಡಿದ್ದಾರೆ. "ಅಪ್ಪಾ, ಮನೆ ತಗೊಂಡೆ, ಸುತ್ತ ಒಂದೂವರೆ ಎಕರೆ ಇದೆ" ಎಂದು ಫೋನಿನಲ್ಲಿ ಹೇಳಿದಾಗ ಊರಿನಲ್ಲಿದ್ದ ತಂದೆ ಮನಸ್ಸಿನಲ್ಲೇ ಬಾಳೆ, ತೆಂಗು, ಒಂದು ಬಾವಿ ಎಲ್ಲ ಹಾಕಿ ಮುಗಿಸಿರುತ್ತಾರೆ. ಅಲ್ಲಿ ಹೋಗಿ ನೋಡಿದರೆ ಅಷ್ಟೂ ಲಾನು. ಅದನ್ನು ಹಾಗೇ ಬಿಡುವಂತೆಯೂ ಇಲ್ಲ. ಹುಲ್ಲು ಎಂಟೋ ಹತ್ತೋ ಅಂಗುಲ ಮೀರಿತೆಂದರೆ ಅನೇಕ ಊರುಗಳಲ್ಲಿ ನಗರಾಡಳಿತದ ನೋಟಿಸು ಬರುತ್ತದೆ; ಅದಕ್ಕೂ ಮೊದಲು ಪಕ್ಕದ ಮನೆಯವರ ನೋಟ ಬರುತ್ತದೆ. ಹಾಗಾಗಿ ಮಗ ಒಂದು ದಿನ ಕೇಳುತ್ತಾನೆ: "ಝೀರೋ ಟರ್ನ್ ಮೋವರ್ ತಗೊಳ್ಳೋಣ ಅಂತಿದೀನಿ, ಯಾವುದು ಒಳ್ಳೇದು?" ಝೀರೋ ಟರ್ನ್ ಮೋವರ್ ಎಂದರೆ ನಿಂತಲ್ಲೇ ತಿರುಗಬಲ್ಲ, ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ. ಯಂತ್ರಗಳ ಕೆಲಸ ಮಾಡಿದವನೆಂದು ಈ ಪ್ರಶ್ನೆ ಸುತ್ತಿ ಬಳಸಿ ನನ್ನ ಬಳಿಗೂ ಬರುತ್ತದೆ. ಇವತ್ತು ಅದಕ್ಕೆ ಸಾವಕಾಶವಾಗಿ ಉತ್ತರ ಹೇಳುತ್ತೇನೆ.

ಮೊದಲು ಕೆಲಸದ ಗಾತ್ರ ತಿಳಿಯಲಿ. ಒಂದು ಎಕರೆ ಎಂದರೆ ನಮ್ಮ 40 ಗುಂಟೆ, 43,560 ಚದರ ಅಡಿ. ಕೈಯಲ್ಲಿ ತಳ್ಳುವ ಸಾಮಾನ್ಯ ಮೋವರಿನ ಅಗಲ 21 ಅಂಗುಲ. ಆ ಅಗಲದಲ್ಲಿ ಒಂದು ಎಕರೆ ಮುಗಿಸಬೇಕಾದರೆ ಅದರ ಹಿಂದೆ ಏಳೂವರೆ ಕಿಲೋಮೀಟರ್ ನಡೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿನ ಹುಲ್ಲು ಐದಾರು ದಿನಕ್ಕೆ ಮತ್ತೆ ತಲೆ ಎತ್ತುತ್ತದೆ. ಶನಿವಾರ ಪೂರ್ತಿ ಇದಕ್ಕೇ ಹೋಗುತ್ತದೆ. ಅರ್ಧ ಎಕರೆಯವರೆಗೆ ನಡೆಯುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಹುಡುಗರಿಗೆ ಬೇರೆ ವ್ಯಾಯಾಮವಾದರೂ ಎಲ್ಲಿದೆ? ಅದಕ್ಕಿಂತ ಹೆಚ್ಚಾದರೆ ಕೂತು ಓಡಿಸುವ ಯಂತ್ರ ಬೇಕು ಎನ್ನುವುದು ನ್ಯಾಯವೇ.

ಹುಲ್ಲು ಕತ್ತರಿಸುವ ಯಂತ್ರಕ್ಕೆ ಈಗ ಸುಮಾರು ಇನ್ನೂರು ವರ್ಷ. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಬಳಿ ಎಡ್ವಿನ್ ಬಡ್ಡಿಂಗ್ ಎಂಬಾತ, ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ನುಣ್ಣಗೆ ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ ಇದನ್ನು ಮಾಡಿದ. 1830ರಲ್ಲಿ ಪೇಟೆಂಟ್ ಸಿಕ್ಕಿತು. ಆಮೇಲೆ ಕುದುರೆಗಳ ಗೊರಸಿಗೆ ಚರ್ಮದ ಬೂಟು ತೊಡಿಸಿ ದೊಡ್ಡ ಯಂತ್ರಗಳನ್ನು ಎಳೆಸಿದರು, ಲಾನು ಹಾಳಾಗದಿರಲಿ ಎಂದು. ನಮ್ಮ ದೇಶದಲ್ಲಿ ಆ ಕೆಲಸ ಎತ್ತಿಗೆ ಬಂತು. ತಾಜಮಹಲಿನ ಮುಂದಿನ ಲಾನಿನಲ್ಲಿ ಎತ್ತು ಮೋವರ್ ಎಳೆಯುವ ಫೋಟೋ ನಿಮ್ಮಲ್ಲಿ ಕೆಲವರು ನೋಡಿರಬಹುದು. ಝೀರೋ ಟರ್ನ್ ಮಾತ್ರ ಅಮೆರಿಕದ ಮಧ್ಯಭಾಗದ ಗೋಧಿ ಸೀಮೆಯ ಕೂಸು. ಮಿಸೌರಿ ರಾಜ್ಯದ ವಾರೆನ್ಸ್‌ಬರ್ಗಿನ ಮ್ಯಾಕ್ಸ್ ಸ್ವಿಶರ್ 1950ರ ದಶಕದಲ್ಲೇ ನಿಂತಲ್ಲಿ ತಿರುಗುವ ಮೂರು ಚಕ್ರದ ಮೋವರ್ ಮಾಡಿ ಮಾರುತ್ತಿದ್ದ. ಕ್ಯಾನ್ಸಸ್ ರಾಜ್ಯದ ಹೆಸ್ಟನ್ ಎಂಬ ಸಣ್ಣ ಊರಿನಲ್ಲಿ ಜಾನ್ ರೀಗಿಯರ್ 1964ರಲ್ಲಿ ಹಸ್ಲರ್ ಎಂಬ ಯಂತ್ರ ತಂದ. ತಾವೇ ಮೊದಲಿಗರೆಂದು ಎರಡೂ ಕಡೆಯವರು ಎದೆ ತಟ್ಟಿಕೊಳ್ಳುತ್ತಾರೆ, ತಟ್ಟಿಕೊಳ್ಳಲಿ. ಹೆಸ್ಟನ್ನಿನಲ್ಲಿ ಆಗಲೇ ಗೋಧಿ, ಮೇವು ಕೊಯ್ದು ಸಾಲಾಗಿ ಹಾಕುವ ಸ್ವಯಂಚಾಲಿತ ಕೊಯ್ಲು ಯಂತ್ರಗಳು ತಯಾರಾಗುತ್ತಿದ್ದವು. ಹೊಲದ ಬದುವಿನಲ್ಲಿ ಗಕ್ಕನೆ ತಿರುಗುವ ಯಂತ್ರಗಳ ನಡುವೆ ಬೆಳೆದ ಊರಿನಿಂದ ಇಂಥ ಮೋವರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಈಗ ಅದು ತಿರುಗುವುದು ಹೇಗೆ ಎಂಬುದಕ್ಕೆ ಬರೋಣ. ಇದೊಂದು ಅರ್ಥವಾದರೆ ಮುಂದೆ ನಾನು ಹೇಳುವ ಎಲ್ಲವೂ ಅರ್ಥವಾಗುತ್ತದೆ. ಅರ್ಥವಾಗದಿದ್ದರೆ ಅಂಗಡಿಯವನು ಹೇಳಿದ್ದೇ ವೇದವಾಗುತ್ತದೆ.

ಈ ಯಂತ್ರಕ್ಕೆ ಸ್ಟೇರಿಂಗ್ ಚಕ್ರ ಇಲ್ಲ. ಕೂತವನ ತೊಡೆಯ ಮುಂದೆ ಎಡಕ್ಕೊಂದು ಬಲಕ್ಕೊಂದು ಉದ್ದನೆಯ ಹಿಡಿಗಳಿವೆ. ಎಂಜಿನ್ ಹಿಂದೆ ಇದೆ. ಅದು ಒಂದು ಬೆಲ್ಟಿನ ಮೂಲಕ ಎರಡು ಹೈಡ್ರಾಲಿಕ್ ಪಂಪುಗಳನ್ನು ತಿರುಗಿಸುತ್ತದೆ. ಎಡ ಪಂಪು ಹಿಂದಿನ ಎಡ ಚಕ್ರದ ಮೋಟಾರಿಗೆ ಎಣ್ಣೆ ನೂಕುತ್ತದೆ, ಬಲ ಪಂಪು ಬಲ ಚಕ್ರಕ್ಕೆ. ಹಿಡಿ ಎಷ್ಟು ಮುಂದೆ ಹೋದರೆ ಆ ಬದಿಯ ಚಕ್ರಕ್ಕೆ ಅಷ್ಟು ವೇಗ. ಹಿಂದಕ್ಕೆ ಎಳೆದರೆ ಚಕ್ರ ಹಿಮ್ಮುಖ. ಎರಡನ್ನೂ ಸಮನಾಗಿ ತಳ್ಳಿದರೆ ನೇರ ಓಟ. ಬಲಗೈಯನ್ನು ಸ್ವಲ್ಪ ಹೆಚ್ಚು ತಳ್ಳಿದರೆ ಯಂತ್ರ ಎಡಕ್ಕೆ ವಾಲುತ್ತದೆ. ಒಂದನ್ನು ಮುಂದೆ, ಇನ್ನೊಂದನ್ನು ಹಿಂದೆ ಮಾಡಿದರೆ ಒಂದು ಚಕ್ರ ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿ ಇಡೀ ಯಂತ್ರ ನಿಂತ ಜಾಗದಲ್ಲೇ ಗಿರ್ರನೆ ಸುತ್ತುತ್ತದೆ. ಹಾಗಾದರೆ ಮುಂದಿನ ಎರಡು ಚಕ್ರಗಳ ಕೆಲಸ ಏನು? ಏನೂ ಇಲ್ಲ. ಆಫೀಸಿನ ಕುರ್ಚಿಯ ಕೆಳಗಿನ ಚಕ್ರಗಳಂತೆ ಅವು ನೂಕಿದತ್ತ ಹೊರಳುತ್ತವೆ, ಭಾರ ಹೊರುತ್ತವೆ, ಅಷ್ಟೆ.

ಮರದ ಬುಡ, ಹೂವಿನ ಪಾತಿ, ದೀಪದ ಕಂಬ, ಮಕ್ಕಳ ಉಯ್ಯಾಲೆ ಇರುವ ಅಂಗಳದಲ್ಲಿ ಈ ಗುಣ ಅದ್ಭುತವಾಗಿ ಕೆಲಸಕ್ಕೆ ಬರುತ್ತದೆ. ಸ್ಟೇರಿಂಗ್ ಇರುವ ಲಾನ್ ಟ್ರ್ಯಾಕ್ಟರು ಮರವನ್ನು ಸುತ್ತಿ ಬರುವಾಗ ಒಂದು ಬಳೆಯಷ್ಟು ಹುಲ್ಲು ಬಿಟ್ಟೇ ಬಿಡುತ್ತದೆ. ಮತ್ತೆ ಹಿಂದೆ ಬಂದು, ಮುಂದೆ ಹೋಗಿ, ಕೊನೆಗೆ ಇಳಿದು ಕೈಯಂತ್ರದಲ್ಲಿ ಸವರಬೇಕು. ಝೀರೋ ಟರ್ನ್ ಮರವನ್ನು ಒರಸಿಕೊಂಡಂತೆ ಸುತ್ತಿ ಬರುತ್ತದೆ. ಸಾಲಿನ ಕೊನೆಯಲ್ಲಿ ಹೊರಳಿ ಪಕ್ಕದ ಸಾಲಿಗೆ ಬೀಳುತ್ತದೆ. ಗಿಡಮರ ಹೆಚ್ಚಿದ್ದಷ್ಟೂ ಅದರ ಲಾಭ ಹೆಚ್ಚು. ಉಲ್ಟಾ ಹೇಳಬೇಕೆಂದರೆ, ನಿಮ್ಮದು ಗಿಡವೇ ಇಲ್ಲದ ಚೌಕನೆಯ ಬಯಲಾದರೆ ಈ ಯಂತ್ರದ ವಿಶೇಷ ನಿಮಗೆ ಅರ್ಧ ದಂಡ.

ಇನ್ನು ಅದರ ಕೆಟ್ಟ ಮುಖ. ತಿರುಗಿಸುವುದು, ಓಡಿಸುವುದು, ನಿಲ್ಲಿಸುವುದು ಮೂರೂ ಹಿಂದಿನ ಎರಡು ಚಕ್ರಗಳ ಕೈಯಲ್ಲಿವೆ. ಆ ಚಕ್ರಗಳು ನೆಲವನ್ನು ಹಿಡಿದಿರುವವರೆಗೆ ನೀವು ಸವಾರರು. ಇಬ್ಬನಿ ಬಿದ್ದ ಹುಲ್ಲಿನ ಇಳಿಜಾರಿನಲ್ಲಿ ಕೆಳಗೆ ಬರುವಾಗ ಭಾರವೆಲ್ಲ ಮುಂದಕ್ಕೆ ಸರಿಯುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಜಾರುತ್ತದೆ. ಜಾರಿದ ಕ್ಷಣಕ್ಕೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಮುಂದಿನ ಚಕ್ರಗಳಿಗೆ ದಿಕ್ಕು ಎಂಬುದು ಮೊದಲೇ ಇಲ್ಲವಾದ್ದರಿಂದ ಮುನ್ನೂರು, ನಾನೂರು ಕಿಲೋ ಕಬ್ಬಿಣ ತನಗೆ ಬೇಕಾದ ಕಡೆ ಹೋಗುತ್ತದೆ. ಅಡ್ಡ ಇಳಿಜಾರಿನಲ್ಲಿ ಸಾಗಿದರೆ ಮೂತಿ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ. ಈ ಯಂತ್ರದ ಕೆಟ್ಟ ಅಪಘಾತಗಳು ಮಗುಚಿಕೊಳ್ಳುವುದರಿಂದ ಆಗುವಂಥವು. ಕೆರೆಯ ದಂಡೆ, ಕಲ್ಲು ಕಟ್ಟಿದ ತಡೆಗೋಡೆಯ ಅಂಚು ಇಂಥ ಕಡೆ ಒಂದು ಹಿಂಚಕ್ರ ಅಂಚು ದಾಟಿದರೆ ಸಾಕು.

ಆದ್ದರಿಂದ ಯಂತ್ರ ನೋಡಲು ಹೋಗುವ ಮೊದಲು ನೆಲ ಅಳೆಯಿರಿ. ಬಹುತೇಕ ತಯಾರಕರು 15 ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಓಡಿಸಬೇಡಿ ಎನ್ನುತ್ತಾರೆ. ಕೆಲವರು 10 ಡಿಗ್ರಿಗೇ ಗೆರೆ ಎಳೆಯುತ್ತಾರೆ. ಡಿಗ್ರಿ ಅಳೆಯಲು ದೊಡ್ಡ ಉಪಕರಣ ಬೇಡ. ನಾಲ್ಕಡಿ ಉದ್ದದ ಹಲಗೆಯ ಒಂದು ತುದಿಯನ್ನು ಇಳಿಜಾರಿನ ಮೇಲ್ಬದಿಗೆ ತಾಗಿಸಿ, ಗಾರೆ ಕೆಲಸದವರ ರಸಮಟ್ಟ ಇಟ್ಟು ಹಲಗೆಯನ್ನು ಮಟ್ಟಸವಾಗಿ ಹಿಡಿಯಿರಿ. ಇನ್ನೊಂದು ತುದಿಗೂ ನೆಲಕ್ಕೂ ನಡುವೆ ಎಂಟೂವರೆ ಅಂಗುಲ ಸಂದು ಇದ್ದರೆ 10 ಡಿಗ್ರಿ. ಸುಮಾರು 13 ಅಂಗುಲ ಇದ್ದರೆ 15 ಡಿಗ್ರಿ. ಅಷ್ಟು ಇಳಿಜಾರು ಅಂಗಳದ ಹೆಚ್ಚಿನ ಭಾಗದಲ್ಲಿದ್ದರೆ ಝೀರೋ ಟರ್ನಿನ ಆಸೆ ಬಿಡಿ. ಒಂದು ಮೂಲೆಯಲ್ಲಿ ಮಾತ್ರ ಇದ್ದರೆ ಆ ಮೂಲೆಯನ್ನು ತಳ್ಳುವ ಮೋವರಿಗೆ ಬಿಡಿ, ಇಲ್ಲವೇ ಅಲ್ಲಿ ಹುಲ್ಲಿನ ಬದಲು ಪೊದೆ ನೆಡಿ. ಸ್ಟೇರಿಂಗ್ ಚಕ್ರವಿದ್ದು ಮುಂದಿನ ಚಕ್ರಗಳೂ ಜೊತೆಗೆ ತಿರುಗುವ ಝೀರೋ ಟರ್ನ್‌ಗಳೂ ಇವೆ. ಅವು ಇಳಿಜಾರಿನಲ್ಲಿ ಸ್ವಲ್ಪ ಹೆಚ್ಚು ಹಿಡಿತ ಕೊಡುತ್ತವೆ, ಆದರೆ ಗುಡ್ಡ ಹತ್ತುವ ಪರವಾನಗಿ ಕೊಡುವುದಿಲ್ಲ.

ಸೀಟಿನ ಹಿಂದೆ ನಿಂತಿರುವ ಕಬ್ಬಿಣದ ಕಮಾನನ್ನು ನೋಡಿರಬಹುದು. ಯಂತ್ರ ಮಗುಚಿದರೆ ಕೂತವನ ಮೇಲೆ ಅದು ಒರಗದಂತೆ ತಡೆಯುವ ಕಮಾನು ಅದು. ಕಮಾನು ಎದ್ದು ನಿಂತಿರುವಾಗ ಸೀಟ್ ಬೆಲ್ಟ್ ಕಟ್ಟಲೇಬೇಕು. ಕಮಾನು ಮಡಚಿದ್ದರೆ ಬೆಲ್ಟ್ ಕಟ್ಟಬಾರದು, ಯಾಕೆಂದರೆ ಆಗ ಮಗುಚಿದ ಯಂತ್ರಕ್ಕೆ ನಿಮ್ಮನ್ನು ನೀವೇ ಬಿಗಿದುಕೊಂಡಂತೆ. ಮನೆಬಳಕೆಯ ಅಗ್ಗದ ಮಾದರಿಗಳಲ್ಲಿ ಈ ಕಮಾನು ಬರುವುದೇ ಇಲ್ಲ. ಹಣ ಉಳಿದಿದ್ದರೆ ಅಶ್ವಶಕ್ತಿಗೆ ಸುರಿಯುವ ಬದಲು ಕಮಾನಿಗೆ ಕೊಡಿ.

ಇನ್ನು ಅಗಲದ ವಿಷಯ. ಅಂಗಡಿಯಲ್ಲಿ ಮೊದಲ ಮಾತು ಅದೇ: 42 ಅಂಗುಲವೋ, 48ವೋ, 54ವೋ, 60ವೋ? ಬ್ಲೇಡುಗಳು ಒಳಗಿರುವ ಕಬ್ಬಿಣದ ತಟ್ಟೆಗೆ ಡೆಕ್ ಎನ್ನುತ್ತಾರೆ. ಒಂದು ಸಲಕ್ಕೆ ಎಷ್ಟು ಅಗಲ ಕತ್ತರಿಸುತ್ತದೆ ಎಂಬುದರ ಲೆಕ್ಕ ಅದು. ದೊಡ್ಡ ಅಂಗಳಕ್ಕೆ ದೊಡ್ಡ ಡೆಕ್ ಎಂದು ಮಾರುವವನು ಹೇಳುತ್ತಾನೆ, ಕೇಳುವವನಿಗೂ ಸರಿ ಅನ್ನಿಸುತ್ತದೆ. ಕಾಗದ ತೆಗೆದು ಲೆಕ್ಕ ಹಾಕಿ ನೋಡಿ. 42 ಅಂಗುಲದಲ್ಲಿ ಒಂದು ಎಕರೆಗೆ ಯಂತ್ರ ಓಡುವ ದೂರ ಸುಮಾರು 3.8 ಕಿಲೋಮೀಟರ್. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ 28 ನಿಮಿಷ. 60 ಅಂಗುಲದಲ್ಲಿ 2.7 ಕಿಲೋಮೀಟರ್, 20 ನಿಮಿಷ. ತಿರುಗುವುದು, ಸಾಲಿನ ಮೇಲೆ ಸಾಲು ಬರುವುದು ಸೇರಿ ಎರಡಕ್ಕೂ ಇನ್ನಷ್ಟು ಹಿಡಿಯುತ್ತದೆ ಅನ್ನಿ. ವ್ಯತ್ಯಾಸ ಹೆಚ್ಚೆಂದರೆ ಹತ್ತು ನಿಮಿಷ! ಮನೆಬಳಕೆಯ 42 ಅಂಗುಲದ ಯಂತ್ರ ಮೂರು, ನಾಲ್ಕು ಸಾವಿರ ಡಾಲರಿನ ಆಸುಪಾಸಿನಲ್ಲಿದೆ. ಗುತ್ತಿಗೆದಾರರು ಬಳಸುವ 60 ಅಂಗುಲದ್ದು ಹತ್ತು ಸಾವಿರ ದಾಟುತ್ತದೆ. ವಾರಕ್ಕೆ ಹತ್ತು ನಿಮಿಷ ಉಳಿಸಲು ಅಷ್ಟು ಹಣ ಕೊಡುವವರನ್ನು ನಾನು ತಡೆಯಲಾರೆ. ಐದೆಕರೆ ಇದ್ದವರಿಗೆ ಆ ಹತ್ತು ನಿಮಿಷ ಮುಕ್ಕಾಲು ಗಂಟೆಯಾಗುತ್ತದೆ, ಅವರ ಮಾತು ಬೇರೆ.

ಅಗಲದ ಡೆಕ್ಕಿಗೆ ಇನ್ನೊಂದು ತಾಪತ್ರಯವಿದೆ. ನೆಲ ಉಬ್ಬುತಗ್ಗಾಗಿದ್ದರೆ ಐದಡಿಯ ತಟ್ಟೆ ಉಬ್ಬಿನ ಮೇಲೆ ಮಣ್ಣು ಕೆರೆದು ತಗ್ಗಿನಲ್ಲಿ ಹುಲ್ಲು ಬಿಡುತ್ತದೆ. ಮೂರೂವರೆ ಅಡಿಯದು ನೆಲದ ಏರಿಳಿತಕ್ಕೆ ಹೊಂದಿಕೊಂಡು ಹೋಗುತ್ತದೆ. ಗೇಟಿನ ಅಗಲವನ್ನೂ ಅಳೆಯಬೇಕು. 42 ಎಂದು ಬರೆದಿದ್ದರೆ ಅದು ಕತ್ತರಿಸುವ ಅಗಲ. ಬಲಬದಿಯಲ್ಲಿ ಹುಲ್ಲು ಹೊರಚೆಲ್ಲುವ ರಬ್ಬರಿನದೋ ಪ್ಲಾಸ್ಟಿಕ್ಕಿನದೋ ಮುಚ್ಚಳ ಸೇರಿದರೆ ಇನ್ನೊಂದು ಅಡಿ ಬೇಕು. ಗೇಟು ದಾಟುವಾಗ ಮುಚ್ಚಳ ಎತ್ತಬಹುದು. ಅದು ಅಡ್ಡ ಬರುತ್ತದೆಂದು ಕಿತ್ತು ಹಾಕುವವರಿದ್ದಾರೆ. ಅದಕ್ಕಿಂತ ಅವಿವೇಕ ಬೇರೊಂದಿಲ್ಲ. ಬ್ಲೇಡಿನ ತುದಿಗೆ ಅಮೆರಿಕದ ಮಾನದಂಡ ಒಪ್ಪುವ ಗರಿಷ್ಠ ವೇಗ ನಿಮಿಷಕ್ಕೆ 19,000 ಅಡಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಹತ್ತಿರ ಹತ್ತಿರ 350 ಕಿಲೋಮೀಟರ್. ಆ ವೇಗದ ಅಲಗಿಗೆ ತಾಗಿದ ಬೆಣಚುಕಲ್ಲು ಆ ಬಾಯಿಂದಲೇ ಹೊರಗೆ ಬರುತ್ತದೆ.

ಡೆಕ್ಕಿನ ತಗಡಿನ ಬಗ್ಗೆ ಎರಡು ಮಾತು. ಗೇಜ್ ಎಂಬ ಅಳತೆಯಲ್ಲಿ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ. 13 ಗೇಜ್ ಎಂದರೆ ಎರಡೂಕಾಲು ಮಿಲಿಮೀಟರ್, 11 ಗೇಜ್ ಎಂದರೆ 3, 7 ಗೇಜ್ ಎಂದರೆ ನಾಲ್ಕೂವರೆ. ಒಂದೇ ತಗಡನ್ನು ಅಚ್ಚಿಗೆ ಒತ್ತಿ ಮಾಡಿದ ಡೆಕ್ಕುಗಳೂ ಇವೆ, ದಪ್ಪ ತಗಡುಗಳನ್ನು ಬೆಸುಗೆ ಹಾಕಿ ಮಾಡಿದವೂ ಇವೆ. ಕಲ್ಲು, ಬೇರು ಇರುವ ಜಾಗಕ್ಕೆ ಬೆಸುಗೆಯದು. ಸಾಫಾದ ಲಾನಿಗೆ ಒತ್ತಿದ ಡೆಕ್ ಸಾಕು. ಒಳಗೆ ಮೂಲೆಗಳಿಲ್ಲದೆ ದುಂಡಗಿರುವುದರಿಂದ ಗಾಳಿ ಚೆನ್ನಾಗಿ ಸುಳಿದು ಹುಲ್ಲನ್ನು ಎತ್ತಿ ಹಿಡಿಯುತ್ತದೆ, ಕಟಾವು ನುಣ್ಣಗೆ ಬರುತ್ತದೆ.

ಎಂಜಿನ್ನಿನ ಅಶ್ವಶಕ್ತಿಯನ್ನು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಆ ಅಂಕಿಗಳ ಬಗ್ಗೆ ಅಮೆರಿಕದಲ್ಲಿ ಗಿರಾಕಿಗಳು ಸಾಮೂಹಿಕವಾಗಿ ಕೋರ್ಟಿಗೆ ಹೋಗಿದ್ದರು. ಎಂಜಿನ್ ನಿಜಕ್ಕೂ ಕೊಡುವುದಕ್ಕಿಂತ ಹೆಚ್ಚು ಬರೆದಿದ್ದಾರೆ ಎಂಬುದು ದೂರು. 2010ರಲ್ಲಿ ಮಿಲ್ವಾಕಿಯ ಫೆಡರಲ್ ಕೋರ್ಟಿನಲ್ಲಿ ರಾಜಿಯಾಯಿತು. ಅಲ್ಲಿಂದೀಚೆಗೆ ಅನೇಕರು ಅಶ್ವಶಕ್ತಿಯ ಬದಲು ಎಂಜಿನ್ನಿನ ಸಿಸಿ, ತಿರುಚುಬಲ ಬರೆಯತೊಡಗಿದರು. 42ರಿಂದ 54 ಅಂಗುಲದ ಡೆಕ್ಕಿಗೆ 20ರಿಂದ 25 ಅಶ್ವಶಕ್ತಿಯ ಎರಡು ಸಿಲಿಂಡರಿನ ಎಂಜಿನ್ ಧಾರಾಳವಾಗಿ ಸಾಕು. ಕವಾಸಾಕಿ, ಕೋಹ್ಲರ್, ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಈ ಮೂರು ಹೆಸರುಗಳನ್ನೇ ನೀವು ಹೆಚ್ಚಾಗಿ ನೋಡುವುದು. ಒಂದೇ ಕಂಪನಿಯ ಎಂಜಿನ್ನುಗಳಲ್ಲೂ ಮನೆಬಳಕೆಯ ಶ್ರೇಣಿ, ವೃತ್ತಿಬಳಕೆಯ ಶ್ರೇಣಿ ಎಂದಿರುತ್ತದೆ. ಕವಾಸಾಕಿಯಲ್ಲಿ ಎಫ್‌ಆರ್ ಮನೆಯದು, ಎಫ್‌ಎಕ್ಸ್ ಗುತ್ತಿಗೆದಾರರದು. ಬರೀ ಕಂಪನಿಯ ಹೆಸರು ನೋಡಿ ಮರುಳಾಗಬೇಡಿ.

ಯಂತ್ರದ ಆಯುಷ್ಯ ನಿರ್ಧರಿಸುವುದು ಎಂಜಿನ್ ಅಲ್ಲ, ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿ ಇರುವ ಆ ಎರಡು ಹೈಡ್ರಾಲಿಕ್ ಪಂಪು ಮೋಟಾರುಗಳು. ಇಡೀ ಯಂತ್ರ ಅವುಗಳ ಮೇಲೆ ನಿಂತಿದೆ ಎಂದು ಆಗಲೇ ಹೇಳಿದೆ. ಅಗ್ಗದ ಮಾದರಿಯಲ್ಲಿ ಪಂಪು, ಮೋಟಾರು ಎರಡೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿರುತ್ತವೆ; ಎಣ್ಣೆ ಬದಲಿಸಲು ಸುಲಭದ ದಾರಿ ಇರುವುದಿಲ್ಲ. ಸಮತಟ್ಟಾದ ಒಂದು, ಒಂದೂವರೆ ಎಕರೆಯಲ್ಲಿ ಅದು ವರ್ಷಗಟ್ಟಲೆ ದುಡಿಯುತ್ತದೆ. ಏರು ನೆಲದಲ್ಲಿ, ಬಿಸಿಲಿನಲ್ಲಿ, ಗಂಟೆಗಟ್ಟಲೆ ಓಡಿಸಿದರೆ ಎಣ್ಣೆ ಕಾದು ಬಲ ಕುಗ್ಗುತ್ತದೆ. ಒಂದು ಹಂತ ಮೇಲಿನ ಮಾದರಿಯಲ್ಲಿ ಫಿಲ್ಟರು ಇರುತ್ತದೆ, ಎಣ್ಣೆ ಬದಲಿಸಬಹುದು. ಹೈಡ್ರೋ-ಗಿಯರ್ ಎಂಬ ಕಂಪನಿಯ ಭಾಗಗಳೇ ಹಲವು ಬ್ರಾಂಡುಗಳೊಳಗೆ ಕೂತಿರುತ್ತವೆ. ಹಾಗಾಗಿ ಹೊರಗಿನ ಬಣ್ಣ ಹಸಿರೋ ಕೆಂಪೋ ಹಳದಿಯೋ ಎಂದು ನೋಡುವ ಬದಲು ಒಳಗಿನ ಮಾದರಿ ಸಂಖ್ಯೆ ಕೇಳಿ. ಎರಡೆಕರೆಗಿಂತ ಹೆಚ್ಚಿದ್ದರೆ, ಇಟ್ಟುಕೊಂಡ ಹಣದಲ್ಲಿ ಅಗಲ ಒಂದು ಮೆಟ್ಟಿಲು ಇಳಿಸಿ, ಈ ಭಾಗವನ್ನು ಒಂದು ಮೆಟ್ಟಿಲು ಏರಿಸಿ. ನನ್ನನ್ನು ಕೇಳಿದವರಿಗೆಲ್ಲ ನಾನು ಕೊಡುವ ಸಲಹೆ ಇದೇ.

ಪೆಟ್ರೋಲೋ ಬ್ಯಾಟರಿಯೋ? ಕ್ಯಾಲಿಫೋರ್ನಿಯಾದಲ್ಲಿ ಈ ಪ್ರಶ್ನೆಗೆ ಸರ್ಕಾರವೇ ಉತ್ತರ ಕೊಟ್ಟಿದೆ. 2021ರಲ್ಲಿ ಕಾನೂನು ತಂದು, 2024ರಿಂದ ಹೊಗೆ ಉಗುಳುವ ಹೊಸ ಸಣ್ಣ ಎಂಜಿನ್ನಿನ ತೋಟದ ಯಂತ್ರಗಳ ಮಾರಾಟಕ್ಕೆ ಕಡಿವಾಣ ಹಾಕಿದರು. ಹಳೆಯವನ್ನು ಬಳಸಲು ಅಡ್ಡಿಯಿಲ್ಲ. ಬೇರೆ ರಾಜ್ಯಗಳಲ್ಲಿ ಆಯ್ಕೆ ನಿಮ್ಮದು. ಒಂದು, ಒಂದೂವರೆ ಎಕರೆ ಸಮತಟ್ಟು ಜಾಗಕ್ಕೆ ಲಿಥಿಯಂ ಬ್ಯಾಟರಿಯದೇ ಮೇಲು ಎಂದು ನಾನು ಈಗ ನಿಸ್ಸಂಕೋಚವಾಗಿ ಹೇಳುತ್ತೇನೆ. ಸದ್ದು ಕಡಿಮೆ, ಎಣ್ಣೆ, ಬೆಲ್ಟು, ಕಾರ್ಬುರೇಟರಿನ ರಗಳೆ ಕಡಿಮೆ. ಹಳೆಯ ಲೆಡ್-ಆಸಿಡ್ ಬ್ಯಾಟರಿಯ ಮಾದರಿ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಕ್ಕರೂ ಬೇಡ. ಒಂದು ಚಾರ್ಜಿನಲ್ಲಿ ಇಷ್ಟು ಎಕರೆ ಎಂದು ಬರೆದದ್ದು ಒಣಗಿದ, ತೆಳು ಹುಲ್ಲಿನ ಲೆಕ್ಕ. ಮೇ ತಿಂಗಳ ಒದ್ದೆ ದಟ್ಟ ಹುಲ್ಲಿನಲ್ಲಿ ಅದು ಸಾಕಷ್ಟು ಇಳಿಯುತ್ತದೆ. ನಿಮ್ಮ ಜಾಗದ ಒಂದೂವರೆ ಪಟ್ಟು ಬರೆದಿರುವುದನ್ನು ತೆಗೆದುಕೊಳ್ಳಿ.

ಪೆಟ್ರೋಲಿನದಾದರೆ ಎಥನಾಲ್ ಶೇಕಡ 10ಕ್ಕಿಂತ ಹೆಚ್ಚು ಬೆರೆತ ಇಂಧನ ಹಾಕಬಾರದೆಂದು ಎಂಜಿನ್ ತಯಾರಕರು ಬರೆದಿರುತ್ತಾರೆ. ಇದು ಇಲ್ಲಿಯವರಿಗೂ ಬೇಕಾದ ಮಾತು. ಬೆಂಗಳೂರಿನ ಹೊರವಲಯದ ರೆಸಾರ್ಟುಗಳು, ದೊಡ್ಡ ಕಾಲೇಜುಗಳು ಇಂಥ ಯಂತ್ರ ತರಿಸುವ ಯೋಚನೆ ಮಾಡುತ್ತವೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು ಶೇಕಡ 20 ಎಥನಾಲ್ ಇರುವ ಪೆಟ್ರೋಲ್. ಎಂಜಿನ್ನಿನ ಪುಸ್ತಕ ಓದದೆ ತರಿಸಿದರೆ ರಬ್ಬರ್ ಪೈಪುಗಳೂ ಕಾರ್ಬುರೇಟರೂ ಬೇಗ ದೂರು ಹೇಳುತ್ತವೆ, ಬಿಡಿಭಾಗಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಇಲ್ಲಿಗೆ ಬ್ಯಾಟರಿಯದು, ಇಲ್ಲವೇ ಡೀಸೆಲ್ ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೋವರು ಸರಿಯೆಂದು ನನಗೆ ತೋರುತ್ತದೆ.

ಟ್ರ್ಯಾಕ್ಟರಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಝೀರೋ ಟರ್ನ್ ಕತ್ತರಿಸುವ ಕೆಲಸ ಒಂದನ್ನು ಬಿಟ್ಟು ಬೇರೆ ಯಾವುದಕ್ಕೂ ಒಗ್ಗದ ಯಂತ್ರ. ಸಣ್ಣ ಟ್ರೇಲರಿನಲ್ಲಿ ಮಣ್ಣು ಹೊರಿಸುವುದು, ಚಳಿಗಾಲದಲ್ಲಿ ಮನೆಮುಂದಿನ ಹಿಮ ತಳ್ಳಿಸುವುದು ಬೇಕಿದ್ದವರು ಲಾನ್ ಟ್ರ್ಯಾಕ್ಟರ್ ಕೊಳ್ಳಲಿ. ಅದು ನಿಧಾನ, ಆದರೆ ಮುಂದಿನ ಚಕ್ರಕ್ಕೆ ದಿಕ್ಕು ಇದೆ, ಇಳಿಜಾರಿನಲ್ಲಿ ಅದರ ಮೇಲೆ ನನಗೆ ಹೆಚ್ಚು ನಂಬಿಕೆ. ಯಾವ ಯಂತ್ರವೂ ಬೇಡ ಎನ್ನುವವರು ಸ್ಥಳೀಯ ಗುತ್ತಿಗೆದಾರ ಒಂದು ಕಟಾವಿಗೆ ಕೇಳುವ ದರವನ್ನು ವರ್ಷದ ಮೂವತ್ತು ಕಟಾವಿಗೆ ಗುಣಿಸಿ ನೋಡಲಿ. ಎರಡು ವರ್ಷದ ಮೊತ್ತ ಯಂತ್ರದ ಬೆಲೆಗಿಂತ ಕಡಿಮೆ ಬಂದರೆ ಗುತ್ತಿಗೆಗೆ ಕೊಟ್ಟು ಕಾಫಿ ಕುಡಿಯುತ್ತ ಕೂರಬಹುದು.

ಕೊಳ್ಳುವ ಜಾಗವೂ ಮುಖ್ಯ. ದೊಡ್ಡ ಅಂಗಡಿಗಳಲ್ಲಿ ಬೆಲೆ ಇನ್ನೂರು ಡಾಲರ್ ಕಡಿಮೆ ಇರಬಹುದು. ಜೂನ್ ತಿಂಗಳಲ್ಲಿ ಬೆಲ್ಟ್ ಹರಿದಾಗ ಅಲ್ಲಿ ಕೇಳುವವರಿಲ್ಲ, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುವ ಗಾತ್ರವೂ ಅದಲ್ಲ. ಹತ್ತು ಮೈಲಿಯೊಳಗೆ ರಿಪೇರಿ ಮಾಡುವ ಡೀಲರ್ ಇದ್ದರೆ ಅವನಲ್ಲೇ ಕೊಳ್ಳಿ. ಅಲ್ಲಿ ಸೀಟಿನ ಮೇಲೆ ಕೂತು ನೋಡಿ. ಮುಂದಿನ ಚಕ್ರಗಳಿಗೆ ಸ್ಪ್ರಿಂಗ್ ಇಲ್ಲದ ಯಂತ್ರ ಉಬ್ಬುತಗ್ಗಿನಲ್ಲಿ ಸೊಂಟಕ್ಕೆ ನೇರ ಹೊಡೆತ ಕೊಡುತ್ತದೆ, ಬೆನ್ನುನೋವಿನವರಿಗೆ ಒಳ್ಳೆಯ ಸೀಟು ಶೋಕಿಯಲ್ಲ. ಸಾಧ್ಯವಾದರೆ ಯಂತ್ರವನ್ನು ನಿಮ್ಮ ಅಂಗಳಕ್ಕೇ ತರಿಸಿ ಓಡಿಸಿ ನೋಡಿ. ಎಷ್ಟೋ ಡೀಲರುಗಳು ಒಪ್ಪುತ್ತಾರೆ.

ತಂದ ಮೇಲೆ ಮೊದಲ ದಿನ ಬ್ಲೇಡ್ ಓಡಿಸದೆ ಬರೀ ತಿರುಗಿಸುವುದನ್ನು ಕಲಿಯಿರಿ. ಒಂದು ಚಕ್ರವನ್ನು ನಿಲ್ಲಿಸಿ ಅದರ ಮೇಲೇ ಸುತ್ತಿದರೆ ಹುಲ್ಲು ಬೇರುಸಹಿತ ತಿರುಚಿ ಎದ್ದು ಬರುತ್ತದೆ. ಎರಡೂ ಚಕ್ರಗಳು ಉರುಳುತ್ತಲೇ ಇರುವಂತೆ ಮೂರು ಹಂತದಲ್ಲಿ ತಿರುಗಿಸುವುದು ರೂಢಿಯಾಗಬೇಕು. ಹಿಂದಿನ ಎರಡೂ ಟಯರುಗಳ ಗಾಳಿ ಸಮನಾಗಿರಲಿ, ಇಲ್ಲದಿದ್ದರೆ ಯಂತ್ರ ಒಂದು ಬದಿಗೆ ಓರೆಯಾಗಿ ಕತ್ತರಿಸುತ್ತದೆ. ಇಪ್ಪತ್ತೈದು ಗಂಟೆಗೊಮ್ಮೆಯಾದರೂ ಬ್ಲೇಡ್ ಸಾಣೆ ಹಿಡಿಸಿ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಉತ್ತರದ ರಾಜ್ಯಗಳ ಫೆಸ್ಕ್ಯೂ ಹುಲ್ಲನ್ನು ಮೂರರಿಂದ ನಾಲ್ಕು ಅಂಗುಲ ಬಿಡಬೇಕು. ಟೆಕ್ಸಸ್, ಜಾರ್ಜಿಯಾ ಕಡೆಯ ಬರ್ಮುಡಾ ಹುಲ್ಲನ್ನು ಒಂದೆರಡು ಅಂಗುಲಕ್ಕೆ ಇಳಿಸಬಹುದು. ಅಂದಹಾಗೆ ಅಲ್ಲಿಯವರು ಬರ್ಮುಡಾ ಎಂದು ಬೀಜ ಕೊಂಡು ಬಿತ್ತುವುದು ನಾವು ಗಣಪತಿಗೆ ಏರಿಸುವ ಗರಿಕೆಯನ್ನೇ. ನಿಮ್ಮ ಮಗನ ಮನೆ ಡಲ್ಲಾಸಿನಲ್ಲಿದ್ದರೆ ಚೌತಿಯ ದಿನ ಒಂದು ಮೂಲೆ ಕತ್ತರಿಸದೆ ಬಿಡಲು ಹೇಳಿ.

ಕೊನೆಯದಾಗಿ, ಈ ಬೇಸಿಗೆಯಲ್ಲಿ ಆರು ತಿಂಗಳ ವೀಸಾದಲ್ಲಿ ಮಕ್ಕಳ ಮನೆಗೆ ಹೊರಟಿರುವ ಹಿರಿಯರಲ್ಲಿ ಒಂದು ವಿನಂತಿ. ನಮ್ಮೂರಲ್ಲಿ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೊಲಕ್ಕೆ ಹೋಗಿ ಅಭ್ಯಾಸವಿದೆ. ಅಲ್ಲಿ ಮೊಮ್ಮಗ "ಅಜ್ಜಾ, ನಾನೂ ಕೂತ್ಕೋತೀನಿ" ಎಂದು ಹಟ ಹಿಡಿಯುತ್ತಾನೆ, ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕುವ ಆಸೆ ನಿಮಗೂ ಆಗುತ್ತದೆ. ದಯವಿಟ್ಟು ಬೇಡ. ಅದು ಒಬ್ಬರೇ ಕೂರುವ ಯಂತ್ರ, ಒಂದು ಹಿಡಿ ಮಗುವಿನ ಕಾಲಿಗೆ ತಾಗಿದರೂ ಗಕ್ಕನೆ ತಿರುಗುತ್ತದೆ, ಜಾರಿದ ಮಗು ಬೀಳುವುದು ಬ್ಲೇಡಿನ ಬದಿಗೆ. ಹಿಂದಕ್ಕೆ ಬರುವಾಗಂತೂ ಓಡಿ ಬಂದ ಪುಟ್ಟ ಮಗು ಕಾಣುವುದೇ ಇಲ್ಲ. ಕೂತು ಓಡಿಸುವ ಮೋವರನ್ನು 16 ವರ್ಷ ತುಂಬದವರಿಗೆ ಕೊಡಬಾರದು, ಹುಲ್ಲು ಕತ್ತರಿಸುವಾಗ ಆರು ವರ್ಷದೊಳಗಿನವರು ಮನೆಯೊಳಗೇ ಇರಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಮಗ ಯಂತ್ರ ಹತ್ತಿದಾಗ ಮೊಮ್ಮಕ್ಕಳನ್ನು ಕರೆದುಕೊಂಡು ನೀವೂ ಒಳಗಿರಿ. ಎಂಜಿನ್ ನಿಂತು, ಕೀಲಿ ಅವನ ಜೇಬಿಗೆ ಬಂದ ಮೇಲೆ ಬಾಗಿಲು ತೆಗೆಯಿರಿ.